ಓಕ್ ಕಾಡಿನ ಜಲ್ಲಿ ದಾರಿ, ವೈ ನದಿಯ ದಂಡೆ

(ಬ್ರಿಸ್ಟಲ್‌ನಲ್ಲಿ ಕನ್ನಡದ ಮನೆಗಳವರು ಸೇರಿದ್ದ ಒಂದು ಭಾನುವಾರ ಸಂಜೆ ಆಡಿದ ಮಾತು. ಬರೆಯುವಾಗ ಅಲ್ಲಲ್ಲಿ ತಿದ್ದಿದ್ದೇನೆ. ಅವತ್ತು ಗೋಡೆ ಮೇಲೆ ತೂಗುಹಾಕಿದ್ದ ಮ್ಯಾಪು ಇಲ್ಲಿಲ್ಲ, ಹಾಗಾಗಿ ಊರುಗಳ ಗುರುತು ಸ್ವಲ್ಪ ಜಾಸ್ತಿ ಹೇಳಿದ್ದೇನೆ.)

ಎಲ್ಲರಿಗೂ ನಮಸ್ಕಾರ.

ಈಗಷ್ಟೇ ಕಾಫಿ ಕುಡಿಯುವಾಗ ಒಬ್ಬರು ಅಮ್ಮ ನನ್ನನ್ನು ನಿಲ್ಲಿಸಿಕೊಂಡರು. ತೀರ್ಥಹಳ್ಳಿ ಕಡೆಯವರು, ಮಗಳ ಬಾಣಂತನಕ್ಕೆ ಬಂದಿದ್ದಾರೆ. "ಅಲ್ಲ ಮಾರಾಯ, ಕಾಡೊಳಗೆ ಸೈಕಲ್ ಹೊಡೀತೀಯಂತೆ. ಫಾರೆಸ್ಟಿನೋರು ಸುಮ್ನೆ ಬಿಡ್ತಾರಾ?" ಅಂದರು. ಮಲೆನಾಡಿನವರಿಗೆ ಮೊದಲು ಹೊಳೆಯುವ ಪ್ರಶ್ನೆ ಇದೇ. ಕಾಡು ಅಂದರೆ ಗೇಟು, ಗಾರ್ಡು, ಪರ್ಮಿಟ್ಟು. "ಕೂತ್ಕೊಳ್ಳಿ ಅಮ್ಮ, ಹೇಳ್ತೀನಿ" ಅಂದೆ. ಅವರು ಮುಂದಿನ ಸಾಲಿನಲ್ಲೇ ಕೂತಿದ್ದಾರೆ. ನಾನು ಬರೆದುಕೊಂಡು ಬಂದಿದ್ದು ಸೈಕಲ್ಲಿನ ಬಿಡಿಭಾಗಗಳಿಂದ ಶುರುವಾಗುತ್ತಿತ್ತು. ಅದನ್ನು ಪಕ್ಕಕ್ಕಿಟ್ಟು ಅವರ ಪ್ರಶ್ನೆಯನ್ನೇ ಹಿಡಿದುಕೊಂಡು ಹೋಗುತ್ತೇನೆ. ಒಂಬತ್ತು ವರ್ಷದಿಂದ ಈ ದಾರಿಗಳಲ್ಲಿ ಸೈಕಲ್ ತುಳಿಯುತ್ತಿದ್ದೇನೆ. ದಾರಿ ಎಷ್ಟು ಚೆನ್ನಾಗಿದೆ ಅನ್ನುವುದಕ್ಕಿಂತ, ಈ ದಾರಿ ಯಾರು ಮಾಡಿದ್ದು, ಯಾರು ಉಳಿಸಿಕೊಂಡಿದ್ದು ಅನ್ನುವುದೇ ನನಗೆ ದೊಡ್ಡದಾಗಿ ಕಾಣುತ್ತದೆ.

ಮೊದಲು ಜಾಗ. ಇಲ್ಲಿಂದ ಸೆವರ್ನ್ ನದಿಯ ಸೇತುವೆ ದಾಟಿ ಬಲಕ್ಕೆ ಹೊರಳಿದರೆ ಫಾರೆಸ್ಟ್ ಆಫ್ ಡೀನ್. ಗ್ಲಾಸ್ಟರ್‌ಷೈರ್‌ನ ಪಶ್ಚಿಮದ ಅಂಚು. ಒಂದು ಕಡೆ ಸೆವರ್ನ್, ಇನ್ನೊಂದು ಕಡೆ ವೈ. ಎರಡು ನದಿಗಳ ನಡುವೆ ಎತ್ತರದ ದಿಣ್ಣೆ, ಅದರ ಮೇಲೆ ಸುಮಾರು 110 ಚದರ ಕಿಲೋಮೀಟರ್ ಕಾಡು. ಓಕ್, ಬೀಚ್, ಮಧ್ಯೆ ಮಧ್ಯೆ ನೆಟ್ಟ ಪೈನ್ ಜಾತಿಯ ಮರಗಳು. ವೈ ನದಿ ಹುಟ್ಟುವುದು ವೇಲ್ಸಿನ ಪ್ಲಿನ್‌ಲಿಮನ್ ಬೆಟ್ಟದಲ್ಲಿ. ಸುಮಾರು 250 ಕಿಲೋಮೀಟರ್ ಹರಿದು, ಚೆಪ್‌ಸ್ಟೋ ಊರಿನ ಕೆಳಗೆ ಸೆವರ್ನ್ ಸೇರುತ್ತದೆ. ಕೊನೆಯ ತುಂಡಿನಲ್ಲಿ ಬಹುಮಟ್ಟಿಗೆ ಅದೇ ಇಂಗ್ಲೆಂಡಿಗೂ ವೇಲ್ಸಿಗೂ ಗಡಿ.

ಸೈಕಲ್ ಬಗ್ಗೆ ಎರಡೇ ಮಾತು. ಗ್ರಾವೆಲ್ ಬೈಕ್ ಅಂದರೆ ರೇಸ್ ಸೈಕಲ್ಲಿನ ಹಾಗೆ ಕೆಳಗೆ ಬಾಗಿದ ಹ್ಯಾಂಡಲ್ ಇರುತ್ತದೆ. ಟೈರು ಮಾತ್ರ ದಪ್ಪ, 40ರಿಂದ 45 ಮಿಲಿಮೀಟರ್. ಡಿಸ್ಕ್ ಬ್ರೇಕು, ಏರು ಹತ್ತುವುದಕ್ಕೆ ಹಗುರ ಗೇರು. ಟಾರು ರಸ್ತೆಯಲ್ಲೂ ಓಡುತ್ತದೆ, ಜಲ್ಲಿ ಮೇಲೂ ಓಡುತ್ತದೆ. ಹೆಸರು, ಫ್ಯಾಷನ್ನು ಅಮೆರಿಕದಿಂದ ಬಂದದ್ದು. ಆದರೆ ಕೆಲಸ ಹೊಸದಲ್ಲ. ಇಲ್ಲಿಂದ ಉತ್ತರಕ್ಕಿರುವ ಹೆರಿಫರ್ಡ್‌ಷೈರ್‌ನ ಲೆಮ್‌ಸ್ಟರ್ ಊರಿನಲ್ಲಿ, 1955ರಲ್ಲಿ, ಒಂದಷ್ಟು ಸೈಕಲ್ ಸವಾರರು ಒಂದು ಪಬ್ಬಿನಲ್ಲಿ ಸೇರಿ 'ರಫ್ ಸ್ಟಫ್ ಫೆಲೋಶಿಪ್' ಕಟ್ಟಿದರು. ಟಾರು ಬಿಟ್ಟು ಕಚ್ಚಾ ದಾರಿಯಲ್ಲಿ ಹೋಗುವವರ ಕೂಟ. ಈಗಲೂ ಇದೆ. ಅವರ ಹತ್ತಿರ ಇದ್ದದ್ದು ಸಾದಾ ಸ್ಟೀಲ್ ಸೈಕಲ್ಲು, ಸಣ್ಣ ಟೈರು. ತುಳಿಯೋಕಾಗದ ಕಡೆ ಹೆಗಲ ಮೇಲೆ ಹೊತ್ತುಕೊಂಡು ನಡೆದರು. ಹಾಗಾಗಿ ನಿಮ್ಮ ಹತ್ತಿರ ದುಬಾರಿ ಸೈಕಲ್ ಇಲ್ಲ ಅಂತ ಹಿಂಜರಿಯಬೇಡಿ. ಟೈರು ಗಟ್ಟಿಯಾಗಿರಲಿ, ಬ್ರೇಕು ಸರಿಯಿರಲಿ, ಸಾಕು.

ಈಗ ಅಮ್ಮನ ಪ್ರಶ್ನೆ.

ನಮ್ಮ ಕಡೆ ಗ್ರಾಮ ನಕಾಶೆಯಲ್ಲಿ ಬಂಡಿದಾರಿ, ಕಾಲುದಾರಿ ಅಂತ ಗುರುತು ಹಾಕಿರುತ್ತಾರಲ್ವಾ? ಜಮೀನು ಯಾರದ್ದೋ, ಆದರೆ ಆ ದಾರಿಯಲ್ಲಿ ಓಡಾಡೋದನ್ನು ತಡೆಯುವ ಹಾಗಿಲ್ಲ. ಇಂಗ್ಲೆಂಡಿನಲ್ಲೂ ಅಂಥದ್ದೇ ಲೆಕ್ಕ ಇದೆ. ಹೊಲದ ನಡುವೆ, ಎಸ್ಟೇಟಿನ ಒಳಗೆ, ಕೆಲವು ಕಡೆ ಯಾರದ್ದೋ ಮನೆಯ ಅಂಗಳದಲ್ಲೇ ಸಾರ್ವಜನಿಕ ದಾರಿ ಹಾದುಹೋಗುತ್ತದೆ. 1949ರ ಒಂದು ಕಾನೂನಿನ ನಂತರ ಪ್ರತಿ ಕೌಂಟಿಯೂ ಇವನ್ನೆಲ್ಲ ಮ್ಯಾಪಿನಲ್ಲಿ ಗುರುತಿಸಿ ದಾಖಲೆ ಮಾಡಬೇಕಾಯಿತು. ದಾರಿಯ ಕಂಬಗಳ ಮೇಲೆ ಬಾಣದ ಗುರುತು ಇರುತ್ತದೆ. ಬಣ್ಣ ನೋಡಿಕೊಳ್ಳಿ. ಹಳದಿ ಬಾಣ ಅಂದರೆ ಫುಟ್‌ಪಾತ್, ನಡೆಯುವವರಿಗೆ ಮಾತ್ರ. ನೀಲಿ ಬಾಣ ಅಂದರೆ ಬ್ರೈಡಲ್‌ವೇ, ನಡೆಯುವವರಿಗೆ, ಕುದುರೆ ಸವಾರರಿಗೆ, ಸೈಕಲ್ಲಿಗೆ. ಇನ್ನು ನೇರಳೆ ಬಾಣದ ದಾರಿಯಲ್ಲಿ ಮೋಟಾರು ಬಿಟ್ಟು ಉಳಿದದ್ದೆಲ್ಲ ಹೋಗಬಹುದು. ಕೆಂಪು ಬಾಣ ಇದ್ದರೆ ಎಲ್ಲಾ ವಾಹನಕ್ಕೂ ದಾರಿ.

ಬ್ರೈಡಲ್‌ವೇ ಮೇಲೆ ಸೈಕಲ್ಲಿಗೆ ಹಕ್ಕು ಸಿಕ್ಕಿದ್ದು 1968ರ ಕಾನೂನಿನಲ್ಲಿ. ಅದಕ್ಕೊಂದು ಷರತ್ತಿದೆ. ನಡೆಯುವವರು, ಕುದುರೆಯವರು ಎದುರಾದರೆ ಸೈಕಲ್ಲಿನವರೇ ದಾರಿ ಬಿಡಬೇಕು. ಈ ಷರತ್ತು ನನಗೆ ತುಂಬ ಹಿಡಿಸಿದೆ. ಒಟ್ಟು ಸಾರ್ವಜನಿಕ ದಾರಿಗಳಲ್ಲಿ ಸೈಕಲ್ಲಿಗೆ ಹಕ್ಕಿರುವುದು ಹೆಚ್ಚುಕಡಿಮೆ ಐದರಲ್ಲಿ ಒಂದು ಪಾಲು ಮಾತ್ರ. ಉಳಿದ ನಾಲ್ಕು ಪಾಲು ಹಳದಿ ಬಾಣ. ಸ್ಕಾಟ್ಲೆಂಡಿನಲ್ಲಿ ಹೀಗಿಲ್ಲ. ಅಲ್ಲಿ 2003ರ ಕಾನೂನಿನ ಪ್ರಕಾರ, ಜವಾಬ್ದಾರಿಯಿಂದ ನಡೆದುಕೊಂಡರೆ ಬಹುತೇಕ ಎಲ್ಲಾ ಕಡೆಯೂ ಸೈಕಲ್ ತುಳಿಯಬಹುದು. ಇಂಗ್ಲೆಂಡಿನಲ್ಲಿ ಮ್ಯಾಪು ಓದಲು ಕಲಿಯದೆ ಬೇರೆ ದಾರಿಯಿಲ್ಲ.

ನಾನು ಕಲಿತದ್ದು ಹೇಗೆ ಅಂತ ಹೇಳುತ್ತೇನೆ. ಮೊದಲ ವರ್ಷ ಒಂದು ಫೋನ್ ಆ್ಯಪ್ ತೋರಿಸಿದ ಗೆರೆ ಹಿಡಿದು ನದಿ ದಂಡೆಯ ಹೊಲವೊಂದಕ್ಕೆ ನುಗ್ಗಿದ್ದೆ. ಹಿಂದಿನ ದಿನ ಮಳೆ ಬಿದ್ದಿತ್ತು. ಹುಲ್ಲು ಮೆತ್ತಗಿತ್ತು. ನನ್ನ ಟೈರು ಹೋದ ಕಡೆಯೆಲ್ಲ ಉದ್ದಕ್ಕೂ ಒಂದು ಕರಿ ಗೀರು ಬೀಳುತ್ತಿತ್ತು. ಎದುರಿಗೆ ನಾಯಿ ಹಿಡಿದುಕೊಂಡು ಬರುತ್ತಿದ್ದ ಒಬ್ಬ ಅಜ್ಜ ನಿಂತರು. ಕೋಪ ಮಾಡಿಕೊಳ್ಳಲಿಲ್ಲ. ಹಿಂದೆ ತಿರುಗಿ ಆ ಗೀರು ನೋಡು ಅಂದರು. ಆಮೇಲೆ ಜೇಬಿನಿಂದ ಮಡಚಿದ ಮ್ಯಾಪು ತೆಗೆದು ನನ್ನ ಹ್ಯಾಂಡಲ್ ಮೇಲೆ ಹರಡಿದರು. ಆರ್ಡ್‌ನನ್ಸ್ ಸರ್ವೆಯವರ ಮ್ಯಾಪು, ಮಡಿಕೆಯ ಜಾಗದಲ್ಲೆಲ್ಲ ಟೇಪು ಅಂಟಿಸಿದ್ದರು. ಅದರಲ್ಲಿ ಹಸಿರು ಬಣ್ಣದ ತುಂಡು ಗೆರೆಗಳು. ಗಿಡ್ಡ ತುಂಡು ಇದ್ದರೆ ನಡೆಯುವ ದಾರಿ, ಉದ್ದ ತುಂಡು ಇದ್ದರೆ ಬ್ರೈಡಲ್‌ವೇ. ಬೆರಳಿಟ್ಟು ತೋರಿಸಿದರು. ನಾನಿದ್ದದ್ದು ಗಿಡ್ಡ ತುಂಡಿನ ಮೇಲೆ. ಇಳಿದು ತಳ್ಳಿಕೊಂಡು ಗೇಟಿನ ತನಕ ವಾಪಸ್ ಹೋದೆ. ಮಾರನೇ ದಿನವೇ ಅದೇ ಮ್ಯಾಪು ಕೊಂಡೆ. ಒಂದು ಇಂಚಿಗೆ 25,000 ಇಂಚಿನ ಅಳತೆಯ ಮ್ಯಾಪು ಅದು. ಈ ಭಾಗದ್ದು ಬೇಕಾದರೆ ಓಎಲ್ 14 ಅಂತ ಕೇಳಿ. ಇವತ್ತು ಗೋಡೆ ಮೇಲೆ ಹಾಕಿರುವುದು ಅದೇ.

ಇದು ಹೊಲ, ಎಸ್ಟೇಟಿನ ಲೆಕ್ಕ. ಫಾರೆಸ್ಟ್ ಆಫ್ ಡೀನ್ ಮಾತ್ರ ಸರ್ಕಾರದ ಕಾಡು. ನೋಡಿಕೊಳ್ಳುವುದು ಫಾರೆಸ್ಟ್ರಿ ಇಂಗ್ಲೆಂಡ್. ಒಳಗೆ ಮರ ಸಾಗಿಸುವ ಲಾರಿಗಳಿಗಾಗಿ ಪುಡಿಗಲ್ಲು ಹಾಕಿ ಗಟ್ಟಿ ಮಾಡಿದ ರಸ್ತೆಗಳಿವೆ. ಆ ರಸ್ತೆಗಳಲ್ಲಿ ಸೈಕಲ್ ಬಿಡುತ್ತಾರೆ. ಗೇಟಿನ ಪಕ್ಕದಲ್ಲೇ ಸೈಕಲ್ ದಾಟುವಷ್ಟು ಜಾಗ ಇರುತ್ತದೆ. ಟಿಕೆಟ್ಟಿಲ್ಲ, ಪರ್ಮಿಟ್ಟಿಲ್ಲ. ಮರ ಕಡಿಯುವ ಕೆಲಸ ನಡೆಯುತ್ತಿದ್ದರೆ ಬೋರ್ಡ್ ಹಾಕಿ ಮುಚ್ಚುತ್ತಾರೆ. ಭಾನುವಾರ ಯಾರೂ ಕೆಲಸ ಮಾಡುತ್ತಿಲ್ಲ ಅಂತ ಬೋರ್ಡ್ ದಾಟಿ ಹೋಗಬೇಡಿ. ಪೇರಿಸಿಟ್ಟ ದಿಮ್ಮಿಗಳು ಉರುಳುತ್ತವೆ.

ಹಾಗಾದರೆ ಅಮ್ಮ, ಬಿಡ್ತಾರೆ. ಆದರೆ ಸುಮ್ನೆ ಬಿಟ್ಟದ್ದಲ್ಲ. ಅದನ್ನು ಹೇಳುವುದಕ್ಕೆ ದಾರಿ ಹಿಡಿದೇ ಹೋಗಬೇಕು. ಬನ್ನಿ, ಲಿಡ್ನಿಯಿಂದ ಶುರು ಮಾಡೋಣ.

ಲಿಡ್ನಿಗೆ ರೈಲಿದೆ. ರೈಲಿನಲ್ಲಿ ಸೈಕಲ್ಲಿಗೆ ಜಾಗ ಕಮ್ಮಿ, ಗುಂಪಾಗಿ ಹೋಗುವವರು ಎರಡು ರೈಲಿಗೆ ಹಂಚಿಕೊಳ್ಳಿ. ಅಲ್ಲಿಂದ ಪಾರ್ಕೆಂಡ್ ಎಂಬ ಹಳ್ಳಿಗೆ ಹೋಗಬೇಕು. ಈ ತುಂಡು ರಸ್ತೆಯ ಮೇಲೆಯೇ, ಬೆಳಿಗ್ಗೆ ಬೇಗ ಹೋದರೆ ಕಾರು ಕಮ್ಮಿ. ಪಕ್ಕದಲ್ಲೇ ಹಳೇ ರೈಲು ಹಳಿ ಇದೆ. ಸ್ವಯಂಸೇವಕರು ಅದರ ಮೇಲೆ ಉಗಿಬಂಡಿ ಓಡಿಸುತ್ತಾರೆ.

ಪಾರ್ಕೆಂಡಿನಲ್ಲಿ ಒಂದು ನಿಮಿಷ ನಿಲ್ಲಿ. 1800ರ ಆರಂಭದಲ್ಲಿ ಇಂಗ್ಲೆಂಡ್ ಫ್ರಾನ್ಸ್ ಜೊತೆ ಯುದ್ಧದಲ್ಲಿತ್ತು. ಹಡಗು ಕಟ್ಟಲು ಓಕ್ ಮರ ಸಾಲುತ್ತಿರಲಿಲ್ಲ. ಅಡ್ಮಿರಲ್ ನೆಲ್ಸನ್ 1802ರಲ್ಲಿ ಈ ಕಾಡಿಗೆ ಬಂದು, ಸ್ಥಿತಿ ನೋಡಿ, ಓಕ್ ನೆಡಲೇಬೇಕು ಅಂತ ಸರ್ಕಾರಕ್ಕೆ ಒತ್ತಾಯ ಮಾಡಿದರು. 1808ರಲ್ಲಿ ಕಾನೂನು ಬಂತು. ಸಾವಿರಾರು ಎಕರೆಗೆ ಬೇಲಿ ಬಿತ್ತು. ಸಸಿ ಬೆಳೆಯುವ ತನಕ ದನ, ಕುರಿ, ಜನ ಒಳಗೆ ಹೋಗುವ ಹಾಗಿಲ್ಲ. ಇಲ್ಲಿನ ಜನ ತಲೆಮಾರುಗಳಿಂದ ಕಾಡಿನಲ್ಲೇ ಕುರಿ ಮೇಯಿಸಿಕೊಂಡು, ಸಣ್ಣ ಗಣಿ ತೋಡಿಕೊಂಡು ಬದುಕಿದವರು. ಇಪ್ಪತ್ತು ವರ್ಷ ಕಾದರು. ಮರ ಬೆಳೆಯಿತು, ಬೇಲಿ ಹೋಗಲಿಲ್ಲ. 1831ರ ಜೂನ್‌ನಲ್ಲಿ ವಾರೆನ್ ಜೇಮ್ಸ್ ಎಂಬ ಗಣಿ ಕೆಲಸಗಾರನ ಮುಂದಾಳತ್ವದಲ್ಲಿ ಜನ ಸೇರಿ ಬೇಲಿ ಕಿತ್ತರು. ಪಾರ್ಕೆಂಡಿನ ಸುತ್ತಲಿನ ಕಾಡಿನಿಂದಲೇ ಅದು ಶುರುವಾದದ್ದು. ಕೆಲವೇ ದಿನದಲ್ಲಿ ಮೈಲಿಗಟ್ಟಲೆ ಬೇಲಿ ಹೋಯಿತು. ಸೈನ್ಯ ಬಂತು. ಜೇಮ್ಸ್‌ಗೆ ಮೊದಲು ಮರಣದಂಡನೆ ಹಾಕಿದರು, ಆಮೇಲೆ ಅದನ್ನು ಬದಲಿಸಿ ಟ್ಯಾಸ್ಮೇನಿಯಾಕ್ಕೆ ಗಡೀಪಾರು ಮಾಡಿದರು. ಐದು ವರ್ಷದ ನಂತರ ಕ್ಷಮೆ ಸಿಕ್ಕಿತು. ಆದರೆ ಆತ ಊರಿಗೆ ವಾಪಸ್ ಬರಲಿಲ್ಲ, ಅಲ್ಲೇ ತೀರಿಕೊಂಡ.

ಆ ಓಕ್ ಮರಗಳು ಏನಾದವು ಅಂತ ಕೇಳಬಹುದು. ಓಕ್ ಬಲಿಯುವುದಕ್ಕೆ ನೂರು ವರ್ಷ ದಾಟಬೇಕು. ಅಷ್ಟರಲ್ಲಿ ಹಡಗುಗಳನ್ನು ಕಬ್ಬಿಣದಲ್ಲಿ ಕಟ್ಟಲು ಶುರು ಮಾಡಿದ್ದರು. ಅವುಗಳಲ್ಲಿ ಎಷ್ಟೋ ಮರ ಇವತ್ತೂ ನಿಂತಿವೆ. ನಾವು ಸೈಕಲ್ ತುಳಿಯುವುದು ಅವುಗಳ ನೆರಳಲ್ಲೇ.

ಪಾರ್ಕೆಂಡಿನಿಂದ ಕ್ಯಾನಪ್ ಕಣಿವೆಯ ಕಡೆಗೆ ಹೋಗುವ ಫ್ಯಾಮಿಲಿ ಟ್ರೇಲ್ ಸಿಗುತ್ತದೆ. ಒಟ್ಟು ಸುತ್ತು ಸುಮಾರು 11 ಮೈಲಿ. ಮಕ್ಕಳು, ಹೊಸಬರು ಇಲ್ಲಿಂದಲೇ ಶುರು ಮಾಡಲಿ. ಸೈಕಲ್ ಬಾಡಿಗೆಗೂ ಸಿಗುತ್ತದೆ. ದಾರಿ ಹೆಚ್ಚುಕಡಿಮೆ ಸಮತಟ್ಟು, ಏರಿದರೂ ಮೆಲ್ಲಗೆ ಏರುತ್ತದೆ. ಯಾಕೆ ಅಂದರೆ ಇದು ರೈಲುದಾರಿ. ಉಗಿಬಂಡಿಗೆ ಕಡಿದಾದ ಏರು ಹತ್ತಲು ಆಗುವುದಿಲ್ಲ, ಹಾಗಾಗಿ ರೈಲಿನವರು ಗುಡ್ಡ ಕಡಿದು, ತಗ್ಗು ತುಂಬಿ ದಾರಿ ಮಾಡಿದ್ದರು. ಹಳಿ ಕಿತ್ತುಹಾಕಿದ ಮೇಲೆ ಜಲ್ಲಿ ಉಳಿಯಿತು. ಕಾಲಿಗೆ ಇಷ್ಟು ಹಿತವಾದ ದಾರಿ ಸೈಕಲ್ಲಿಗೆ ಅಂತಲೇ ಮಾಡಿದ್ದರೂ ಸಿಗುತ್ತಿರಲಿಲ್ಲ.

ರೈಲಿಗೂ ಮೊದಲು ಇಲ್ಲಿ ಕುದುರೆ ಎಳೆಯುವ ಟ್ರಾಮ್ ಇತ್ತು. 1809ರಲ್ಲಿ ಅದಕ್ಕೆ ಪಾರ್ಲಿಮೆಂಟಿನ ಒಪ್ಪಿಗೆ ಸಿಕ್ಕಿತ್ತು. ಕಲ್ಲಿದ್ದಲು, ಕಲ್ಲು, ಕಬ್ಬಿಣ ಹೊತ್ತು ಸೆವರ್ನ್ ದಂಡೆಗೆ, ವೈ ದಂಡೆಗೆ ಸಾಗಿಸುತ್ತಿತ್ತು. ಕ್ಯಾನಪ್ ಕೆರೆಗಳ ಹತ್ತಿರ ಬಿಕ್ಸ್‌ಲೇಡ್ ಎಂಬ ಸಣ್ಣ ಕಣಿವೆಯಿದೆ. ಅಲ್ಲಿ ಸೈಕಲ್ ಮರಕ್ಕೆ ಒರಗಿಸಿ ಸ್ವಲ್ಪ ದೂರ ನಡೆಯಿರಿ. ನೆಲದಲ್ಲಿ ಒರಟಾದ ಚೌಕ ಕಲ್ಲುಗಳು ಎರಡು ಸಾಲಾಗಿ ಹೂತಿವೆ. ಮೇಲೆ ಪಾಚಿ. ಪಾಚಿಯನ್ನು ಬೆರಳಿಂದ ಸರಿಸಿದರೆ ಕಲ್ಲಿನ ನಡುವೆ ಒಂದು ಗುಂಡು ತೂತು, ನಮ್ಮ ಹೆಬ್ಬೆರಳು ಹೋಗುವಷ್ಟು. ಕಬ್ಬಿಣದ ಪಟ್ಟಿ ಕೂರಿಸಿ ಮೊಳೆ ಹೊಡೆಯುತ್ತಿದ್ದ ತೂತು ಅದು. ಎರಡು ಸಾಲಿನ ನಡುವೆ ಕಲ್ಲಿಲ್ಲ, ಅಲ್ಲಿ ಕುದುರೆ ನಡೆಯುತ್ತಿತ್ತು. ಇನ್ನೂರು ವರ್ಷ ಹಿಂದಿನ ಕೆಲಸಗಾರ ಕೊರೆದ ತೂತಿನಲ್ಲಿ ಮಳೆ ನೀರು ನಿಂತಿತ್ತು. ಅದರಲ್ಲಿ ಒಂದು ಬೀಚ್ ಎಲೆ ತೇಲುತ್ತಿತ್ತು. ನಾನು ಅಲ್ಲಿ ತುಂಬ ಹೊತ್ತು ಕೂತಿದ್ದೆ.

ಕೆರೆಗಳೂ ಸುಮ್ನೆ ಇರುವ ಕೆರೆಗಳಲ್ಲ. 1820ರ ದಶಕದಲ್ಲಿ ಪಾರ್ಕೆಂಡಿನ ಕಬ್ಬಿಣದ ಕಾರ್ಖಾನೆಗೆ ನೀರು ಬೇಕಾಗಿ ಕಟ್ಟಿದವು. ಸೈಕಲ್ ಬಾಡಿಗೆಗೆ ಸಿಗುವ ಜಾಗ ಕ್ಯಾನಪ್ ಕಲ್ಲಿದ್ದಲು ಗಣಿಯದ್ದು, ಅದು 1960ರಲ್ಲಿ ಮುಚ್ಚಿತು. ನ್ಯೂ ಫ್ಯಾನ್ಸಿ ಅಂತ ಇನ್ನೊಂದು ಗಣಿ ಇತ್ತು. ಅದರ ಕಸದ ದಿಬ್ಬವೇ ಈಗ ಸುತ್ತಲಿನ ಕಾಡು ನೋಡುವ ಜಾಗ. ಗೋಸ್‌ಹಾಕ್ ಎಂಬ ದೊಡ್ಡ ಗಿಡುಗ ನೋಡಲು ದುರ್ಬೀನು ಹಿಡಿದು ಅಲ್ಲಿ ಕಾಯುತ್ತಾರೆ. ಇಷ್ಟು ಹಸಿರು ಕಾಡು ಒಂದು ಕಾಲಕ್ಕೆ ಹೊಗೆ, ಮಸಿ, ಸದ್ದಿನ ಜಾಗ ಆಗಿತ್ತು ಅಂತ ನಂಬುವುದು ಕಷ್ಟ. ಕೊನೆಯ ದೊಡ್ಡ ಗಣಿ ಮುಚ್ಚಿದ್ದು 1965ರ ಕ್ರಿಸ್‌ಮಸ್ ಹಿಂದಿನ ದಿನ. ಸಣ್ಣ ಗಣಿಗಳು ಇನ್ನೂ ಇವೆ. ಈ ಸೀಮೆಯಲ್ಲಿ ಹುಟ್ಟಿ, 21 ವರ್ಷ ತುಂಬಿ, ಗಣಿಯಲ್ಲಿ ಒಂದು ವರ್ಷದ ಮೇಲೆ ಒಂದು ದಿನ ದುಡಿದವರಿಗೆ ಸ್ವಂತ ಗಣಿ ತೋಡುವ ಹಕ್ಕಿದೆ. ಫ್ರೀಮೈನರ್ ಅನ್ನುತ್ತಾರೆ. 2010ರಲ್ಲಿ ಮೊದಲ ಸಲ ಒಬ್ಬ ಹೆಂಗಸಿನ ಹೆಸರು ಆ ಪಟ್ಟಿಗೆ ಸೇರಿತು.

ಅಲ್ಲಿಂದ ಏರಿದರೆ ಸ್ಪೀಚ್ ಹೌಸ್. ಈಗ ಹೋಟೆಲು. 1682ರಲ್ಲಿ ಕಾಡಿನ ನ್ಯಾಯ ಕೂಟಕ್ಕೆ ಅಂತ ಕಟ್ಟಿದ್ದು. ಆ ಕೂಟ ಇವತ್ತಿಗೂ ಅಲ್ಲೇ ಸೇರುತ್ತದೆ. ಹೊರಗಿನ ಬಯಲಲ್ಲಿ ಕುರಿಗಳು ಅವುಗಳ ಪಾಡಿಗೆ ತಿರುಗುತ್ತಿರುತ್ತವೆ. ಬೇಲಿಯಿಲ್ಲ, ರಸ್ತೆಯ ಮಧ್ಯೆಯೂ ಮಲಗುತ್ತವೆ. ಇಳಿಜಾರಿನಲ್ಲಿ ಜೋರಾಗಿ ಹೋಗುವವರು ನೆನಪಿಟ್ಟುಕೊಳ್ಳಿ.

ಸ್ಪೀಚ್ ಹೌಸ್ ಬಯಲಿನ ಬಗ್ಗೆ ಇನ್ನೊಂದು ಮಾತು. 2010ರ ಕೊನೆಯಲ್ಲಿ ಸರ್ಕಾರ ಇಂಗ್ಲೆಂಡಿನ ಸಾರ್ವಜನಿಕ ಕಾಡುಗಳನ್ನು ಮಾರುವ, ಗುತ್ತಿಗೆಗೆ ಕೊಡುವ ಯೋಚನೆ ಮುಂದಿಟ್ಟಿತು. ಇಲ್ಲಿನ ಜನ 'ಹ್ಯಾಂಡ್ಸ್ ಆಫ್ ಅವರ್ ಫಾರೆಸ್ಟ್' ಅಂತ ಸಂಘಟನೆ ಕಟ್ಟಿದರು. 2011ರ ಜನವರಿಯ ಚಳಿಯಲ್ಲಿ ಸಾವಿರಾರು ಮಂದಿ ಇದೇ ಬಯಲಲ್ಲಿ ಸೇರಿದರು. ದೇಶದ ಬೇರೆ ಕಡೆಯೂ ವಿರೋಧ ಎದ್ದಿತು. ಫೆಬ್ರವರಿಯಲ್ಲಿ ಸರ್ಕಾರ ಆ ಯೋಜನೆಯನ್ನು ಕೈಬಿಟ್ಟಿತು. ಮಾರಾಟ ಆಗಿದ್ದರೆ ಈ ಜಲ್ಲಿ ರಸ್ತೆಗಳ ಕಥೆ ಏನಾಗುತ್ತಿತ್ತೋ ಯೋಚಿಸಿ. ಬ್ರೈಡಲ್‌ವೇಗೆ ಕಾನೂನಿನ ಹಕ್ಕಿದೆ. ಕಾಡಿನೊಳಗಿನ ಲಾರಿ ರಸ್ತೆಗಳಲ್ಲಿ ಬಹಳಷ್ಟಕ್ಕೆ ಇರುವುದು ಮಾಲೀಕರ ಒಪ್ಪಿಗೆ ಮಾತ್ರ. ಮಾಲೀಕ ಯಾರು ಅನ್ನುವುದರ ಮೇಲೆ ನಮ್ಮ ಭಾನುವಾರ ನಿಂತಿದೆ.

ಮುಂದೆ ಉತ್ತರಕ್ಕೆ, ಲಿಡ್‌ಬ್ರೂಕ್ ಕಡೆಗೆ. ಇಲ್ಲಿ ದಾರಿಯ ಬದಿಯ ಹುಲ್ಲು ಉತ್ತ ಗದ್ದೆಯ ಹಾಗೆ ಕಾಣುತ್ತದೆ. ಟ್ರ್ಯಾಕ್ಟರ್ ಅಲ್ಲ, ಕಾಡುಹಂದಿ. ಇಂಗ್ಲೆಂಡಿನಲ್ಲಿ ನೂರಾರು ವರ್ಷ ಕಾಡುಹಂದಿಯೇ ಇರಲಿಲ್ಲ. 1990ರ ದಶಕದಲ್ಲಿ ರಾಸ್ ಆನ್ ವೈ ಹತ್ತಿರದ ಒಂದು ಸಾಕಣೆ ಕೇಂದ್ರದಿಂದ ಕೆಲವು ತಪ್ಪಿಸಿಕೊಂಡವು. 2004ರಲ್ಲಿ ಸ್ಟಾಂಟನ್ ಹಳ್ಳಿಯ ಹತ್ತಿರ ಯಾರೋ ಒಂದು ಹಿಂಡನ್ನೇ ತಂದು ಬಿಟ್ಟರು. ಈಗ ಕಾಡಿನಲ್ಲೆಲ್ಲ ಹಬ್ಬಿವೆ. ಒಂದು ಸಂಜೆ ನನ್ನ ಮುಂದೆಯೇ ತಾಯಿ ಹಂದಿ ದಾಟಿತು, ಹಿಂದೆ ಪಟ್ಟೆ ಪಟ್ಟೆ ಮರಿಗಳ ಸಾಲು. ನಾನು ಬ್ರೇಕ್ ಹಿಡಿದು ಒಂದು ಕಾಲೂರಿ ಹಾಗೇ ನಿಂತೆ. ಕೊನೆಯ ಮರಿ ದಾಟುವ ತನಕ ಅದು ನನ್ನನ್ನೇ ನೋಡುತ್ತಿತ್ತು. ನೀವೂ ಅಷ್ಟೇ ಮಾಡಿ. ಬೆನ್ನಟ್ಟಿ ಫೋಟೊ ತೆಗೆಯಬೇಡಿ.

ಲಿಡ್‌ಬ್ರೂಕ್ ಮೇಲಿನ ಒಂದು ಹಳ್ಳದಲ್ಲಿ 2018ರಲ್ಲಿ ಬೀವರ್ ಜೋಡಿಯನ್ನು, ಅಂದರೆ ನೀರಲ್ಲಿ ಬದುಕುವ ದೊಡ್ಡ ಇಲಿಜಾತಿಯ ಪ್ರಾಣಿಗಳನ್ನು, ಬೇಲಿಯೊಳಗೆ ಬಿಟ್ಟಿದ್ದಾರೆ. ಕೆಳಗಿನ ಹಳ್ಳಿಗೆ ಪ್ರವಾಹದ ಕಾಟ. ಬೀವರ್ ಕೊಂಬೆ, ಮಣ್ಣು ಸೇರಿಸಿ ಒಡ್ಡು ಕಟ್ಟಿದರೆ ಮಳೆ ನೀರು ನಿಧಾನ ಇಳಿಯುತ್ತದೆ ಅನ್ನುವ ಆಸೆ.

ಆಮೇಲೆ ಕಾಡಿನ ರಸ್ತೆ ಹಿಡಿದು ಸೈಮಂಡ್ಸ್ ಯಾಟ್ ಬಂಡೆಗೆ ಏರಬೇಕು. ಏರು ಜೋರಿದೆ. ಮೇಲೆ ನಿಂತರೆ ವೈ ನದಿ ದೊಡ್ಡ ಕೊಂಡಿಯ ಹಾಗೆ ತಿರುಗಿ ಮತ್ತೆ ಹತ್ತಿರವೇ ಬರುವುದು ಕಾಣುತ್ತದೆ. ಎದುರಿನ ಸುಣ್ಣಕಲ್ಲಿನ ಗೋಡೆಯಲ್ಲಿ ಪೆರೆಗ್ರಿನ್ ಗಿಡುಗಗಳು ಗೂಡು ಮಾಡುತ್ತವೆ. ಕೆಳಗೆ ನದಿಯಲ್ಲಿ ಕೈಯಿಂದ ಹಗ್ಗ ಎಳೆದು ದಾಟಿಸುವ ದೋಣಿ ಇದೆ. ಶರಾವತಿಯಲ್ಲಿ ಲಾಂಚ್ ಹತ್ತಿದವರಿಗೆ ಈ ದೋಣಿ ಚಿಕ್ಕದು ಅನ್ನಿಸುತ್ತದೆ, ಆದರೆ ದೋಣಿಯವನು ನಿಂತು ತಲೆ ಮೇಲಿನ ಹಗ್ಗ ಎಳೆಯುವ ಆ ಲಯ ನೋಡುವುದಕ್ಕೆ ಚೆಂದ.

ಇಳಿದರೆ ಪೆರೆಗ್ರಿನ್ ಪಾತ್. ಮಾನ್ಮೌತ್ ತನಕ ಸುಮಾರು 4 ಮೈಲಿ. ಇದೂ ಹಳೇ ರೈಲುದಾರಿಯೇ. 1873ರಲ್ಲಿ ಶುರುವಾದ ಮಾರ್ಗ, 1959ರಲ್ಲಿ ಪ್ರಯಾಣಿಕರ ರೈಲು ನಿಂತಿತು. ನನ್ನನ್ನು ಕೇಳಿದರೆ ಇಡೀ ಸುತ್ತಿನಲ್ಲಿ ಇದೇ ಎಲ್ಲಕ್ಕಿಂತ ಚೆಂದದ ತುಂಡು. ಬಲಕ್ಕೆ ನದಿ, ಎಡಕ್ಕೆ ಕಡಿದಾದ ಕಾಡು. ಏಪ್ರಿಲ್ ಕೊನೆ, ಮೇ ಮೊದಲಲ್ಲಿ ಹೋದರೆ ಕಾಡುಬೆಳ್ಳುಳ್ಳಿಯ ಬಿಳಿ ಹೂವು ನೆಲವೆಲ್ಲ. ಮಳೆ ಬಿದ್ದು ಬಿಸಿಲು ಬಂದಾಗ ಯಾರೋ ಒಗ್ಗರಣೆಗೆ ಬೆಳ್ಳುಳ್ಳಿ ಜಜ್ಜಿದ ವಾಸನೆ. ಸ್ವಲ್ಪ ಮೇಲೆ ಬ್ಲೂಬೆಲ್. ಅದರ ಬಣ್ಣ ಹೂವಿನ ಬಣ್ಣದ ಹಾಗೆ ಕಾಣುವುದಿಲ್ಲ, ಮರಗಳ ನಡುವೆ ನೀಲಿ ಹೊಗೆ ನಿಂತ ಹಾಗೆ ಕಾಣುತ್ತದೆ. ಇವೆಲ್ಲ ಬಹಳ ಹಳೇ ಕಾಡಿನ ಗುರುತು. ಇಂಗ್ಲೆಂಡಿನಲ್ಲಿ 1600ರಿಂದ ಒಂದೇ ಸಮ ಕಾಡಾಗಿ ಉಳಿದ ಜಾಗವನ್ನು ಪ್ರಾಚೀನ ಕಾಡು ಅಂತ ಲೆಕ್ಕ ಹಾಕುತ್ತಾರೆ. ಅಂಥ ನೆಲ ಉಳಿದಿರುವುದು ಸ್ವಲ್ಪವೇ. ಬ್ಲೂಬೆಲ್ ತುಳಿದರೆ ಚೇತರಿಸಿಕೊಳ್ಳಲು ವರ್ಷಗಳು ಬೇಕು. ದಯವಿಟ್ಟು ಜಲ್ಲಿ ಬಿಟ್ಟು ಟೈರು ಇಳಿಸಬೇಡಿ.

ಅರ್ಧ ದಾರಿಯಲ್ಲಿ ಬಿಬ್ಲಿನ್ಸ್ ತೂಗುಸೇತುವೆ. 1957ರಲ್ಲಿ ಫಾರೆಸ್ಟ್ರಿ ಕಮಿಷನ್‌ನವರು ಕಟ್ಟಿದ್ದು. ಒಂದು ಸಲಕ್ಕೆ ಆರು ಜನ ಮಾತ್ರ. ಸೈಕಲ್ ತಳ್ಳಿಕೊಂಡು ಹೋಗಬೇಕು. ಕಾಲಿಟ್ಟ ಕೂಡಲೇ ತಂತಿ ಕಿರುಗುಟ್ಟುತ್ತದೆ, ನೆಲ ನಿಮ್ಮ ಹೆಜ್ಜೆಗಿಂತ ಅರ್ಧ ಕ್ಷಣ ತಡವಾಗಿ ಏರಿಳಿಯುತ್ತದೆ. ನಡುವೆ ನಿಂತು ಕೆಳಗೆ ನೋಡಿ. ಬುತ್ತಿ ಬಿಚ್ಚಲು ಆಚೆ ದಡ ಒಳ್ಳೆಯ ಜಾಗ. ನಮ್ಮ ಮನೆಯ ಚಿತ್ರಾನ್ನ ಅಲ್ಲಿ ಎಷ್ಟು ಸಲ ಖಾಲಿಯಾಗಿದೆಯೋ ಲೆಕ್ಕವಿಲ್ಲ.

ಆದರೆ ಸೇತುವೆ ಮೇಲಿಂದ ನೀರು ನೋಡಿದಾಗ ಸಂಕಟವೂ ಆಗುತ್ತದೆ. ಬೇಸಿಗೆಯಲ್ಲಿ ನೀರು ಹಸಿರು ಬಟಾಣಿ ಸಾರಿನ ಹಾಗೆ ಆಗುತ್ತದೆ. ಈ ನದಿಗೆ ನೀರು ಹರಿದು ಬರುವ ಸೀಮೆಯಲ್ಲಿ ಎರಡು ಕೋಟಿಯಷ್ಟು ಕೋಳಿಗಳನ್ನು ಸಾಕುತ್ತಾರೆ. ಅವುಗಳ ಗೊಬ್ಬರ ಹೊಲಕ್ಕೆ ಬೀಳುತ್ತದೆ. ಹೊಲಕ್ಕೆ ಹಿಡಿದುಕೊಳ್ಳಲಾಗದ ರಂಜಕ ಮಳೆಯಲ್ಲಿ ತೊಳೆದು ನದಿ ಸೇರುತ್ತದೆ. ಊರುಗಳ ಕೊಳಚೆಯೂ ಸೇರುತ್ತದೆ. ಪಾಚಿ ಹಬ್ಬಿ, ಬಿಸಿಲು ತಳ ಮುಟ್ಟದೆ, ನೀರೊಳಗಿನ ಗಿಡಗಳು ಸಾಯುತ್ತವೆ. ಸಾಲ್ಮನ್ ಮೀನಿಗೆ ಹೆಸರಾದ ನದಿ ಇದು, ಈಗ ಆ ಮೀನು ತೀರ ಕಮ್ಮಿ. 2023ರಲ್ಲಿ ಸರ್ಕಾರದ ಪರಿಸರ ಸಲಹಾ ಸಂಸ್ಥೆ ನ್ಯಾಚುರಲ್ ಇಂಗ್ಲೆಂಡ್ ಈ ನದಿಯ ಸ್ಥಿತಿ ಹದಗೆಡುತ್ತಿದೆ ಅಂತಲೇ ದಾಖಲೆ ಮಾಡಿತು. ದಂಡೆಯ ಊರುಗಳ ಜನ ವಾರವಾರ ಬಾಟಲಿ ಹಿಡಿದು ನೀರು ಪರೀಕ್ಷೆ ಮಾಡುತ್ತಾರೆ. ದಾರಿಯಲ್ಲಿ ಅವರು ಸಿಕ್ಕರೆ ನಿಂತು ಮಾತಾಡಿಸಿ. ನಾವು ಈ ಚೆಲುವನ್ನು ಅನುಭವಿಸಿ ಮನೆಗೆ ಹೋಗುವವರು. ಅವರು ಅಲ್ಲೇ ಇದ್ದು ಕಾಯುವವರು.

ಮಾನ್ಮೌತ್ ವೇಲ್ಸಿನ ಊರು. ಅಲ್ಲಿಂದ ಟಿಂಟರ್ನ್ ತನಕ ನದಿ ಪಕ್ಕದ ಟಾರು ರಸ್ತೆ ಇಕ್ಕಟ್ಟು, ಕಾರು ಜಾಸ್ತಿ. ಅದರಲ್ಲಿ ಹೋಗಿ ಅಂತ ನಾನು ಯಾರಿಗೂ ಹೇಳುವುದಿಲ್ಲ. ಕಾಡಿನ ಮೇಲಿಂದ ವಾಪಸ್ ಬನ್ನಿ, ಟಿಂಟರ್ನ್ ಇನ್ನೊಂದು ದಿನಕ್ಕಿರಲಿ.

ಆ ಇನ್ನೊಂದು ದಿನ ಚೆಪ್‌ಸ್ಟೋದಲ್ಲಿ ರೈಲು ಇಳಿದು ಪಕ್ಕದ ಸೆಡ್‌ಬರಿಯಿಂದ ವೈ ವ್ಯಾಲಿ ಗ್ರೀನ್‌ವೇ ಹಿಡಿಯಿರಿ. ಸುಮಾರು 5 ಮೈಲಿ. 1876ರ ರೈಲುಮಾರ್ಗ, ಸೈಕಲ್ಲಿಗೆ ತೆರೆದದ್ದು 2021ರಲ್ಲಿ. ಮಧ್ಯೆ ಟಿಡನ್‌ಹ್ಯಾಮ್ ಸುರಂಗ, ಒಂದು ಕಿಲೋಮೀಟರಿಗಿಂತ ಸ್ವಲ್ಪ ಜಾಸ್ತಿ. ಒಳಗೆ ದೀಪ ಮಂಕು, ಬೇಕಂತಲೇ ಹಾಗಿಟ್ಟಿದ್ದಾರೆ. ಅಲ್ಲಿ ಹಾರ್ಸ್‌ಶೂ ಬಾವಲಿಗಳು ಚಳಿಗಾಲ ಕಳೆಯುತ್ತವೆ. ನಿಮ್ಮ ಸೈಕಲ್ ಲೈಟು ನೆಲದ ಕಡೆಗಿರಲಿ, ಮಾತು ಮೆಲ್ಲಗಿರಲಿ. ಚಳಿಗಾಲದಲ್ಲಿ ಅವುಗಳಿಗಾಗಿಯೇ ಸುರಂಗ ಮುಚ್ಚುತ್ತಾರೆ, ಹೊರಡುವ ಮುಂಚೆ ವಿಚಾರಿಸಿಕೊಳ್ಳಿ. ಸುರಂಗ ದಾಟಿ ಸ್ವಲ್ಪ ದೂರ ಹೋದರೆ ಹಳೇ ಕಬ್ಬಿಣದ ಸೇತುವೆ. ತಂತಿ ಎಳೆಯುವ ಕಾರ್ಖಾನೆಗೆ ಅಂತ ಕಟ್ಟಿದ್ದು. ಆಚೆ ದಡ ವೇಲ್ಸ್, 1131ರಲ್ಲಿ ಶುರುವಾದ ಟಿಂಟರ್ನ್ ಮಠದ ಗೋಡೆಗಳು. ಅದರ ಬಗ್ಗೆ ಬೇರೆಯವರು ಬೇಕಾದಷ್ಟು ಹೇಳಿದ್ದಾರೆ, ನಾನು ಸುಮ್ಮನಿರುತ್ತೇನೆ.

ಕೊನೆಗೆ ಕೆಲವು ಪ್ರಶ್ನೆಗಳು ಬಂದವು. ಅವನ್ನೂ ಬರೆದುಬಿಡುತ್ತೇನೆ.

ಟೈರಿಗೆ ಗಾಳಿ ಎಷ್ಟು? ನನ್ನ ತೂಕ 70 ಕಿಲೋ. 42 ಮಿಲಿಮೀಟರ್ ಟೈರಿಗೆ 32ರಿಂದ 35 ಪಿಎಸ್‌ಐ ಹಾಕುತ್ತೇನೆ. ಹೊಸಬರು ಗಾಳಿ ಜಾಸ್ತಿ ತುಂಬುತ್ತಾರೆ, ಆಗ ಟೈರು ಜಲ್ಲಿ ಮೇಲೆ ಪುಟಿಯುತ್ತದೆ, ಹಿಡಿತ ಸಿಗುವುದಿಲ್ಲ. ಟ್ಯೂಬ್‌ಲೆಸ್ ಆದರೆ ಮುಳ್ಳಿನ ಚಿಂತೆ ಕಮ್ಮಿ. ಇಲ್ಲಿ ಬೇಲಿ ಕತ್ತರಿಸುವ ಕಾಲದಲ್ಲಿ ದಾರಿ ತುಂಬ ಹಾಥಾರ್ನ್ ಮುಳ್ಳು ಬಿದ್ದಿರುತ್ತದೆ.

ಯಾವ ತಿಂಗಳು ಒಳ್ಳೆಯದು? ಮೇ, ಜೂನ್, ಮತ್ತೆ ಅಕ್ಟೋಬರ್. ಜೂನ್‌ನಲ್ಲಿ ರಾತ್ರಿ ಒಂಬತ್ತೂವರೆ ತನಕ ಬೆಳಕು. ಅಕ್ಟೋಬರ್‌ನಲ್ಲಿ ಬೀಚ್ ಎಲೆ ತಾಮ್ರದ ಬಣ್ಣ. ಡಿಸೆಂಬರ್‌ನಲ್ಲಿ ನಾಲ್ಕು ಗಂಟೆಗೇ ಕತ್ತಲು, ಒಬ್ಬರೇ ಹೋಗಬೇಡಿ.

ಉಣುಗು ಇದೆಯಾ? ಇದೆ. ಮಂಗನ ಕಾಯಿಲೆ ಕಂಡ ಮಲೆನಾಡಿನವರಿಗೆ ಇದನ್ನು ಹೇಳಿಕೊಡಬೇಕಾಗಿಲ್ಲ. ಇಲ್ಲಿನ ಉಣುಗಿನಿಂದ ಲೈಮ್ ಕಾಯಿಲೆ ಬರುತ್ತದೆ. ಮನೆಗೆ ಬಂದ ಕೂಡಲೇ ಮಂಡಿಯ ಹಿಂಭಾಗ, ಸೊಂಟ ನೋಡಿಕೊಳ್ಳಿ. ಮಕ್ಕಳ ಕೂದಲಲ್ಲೂ ನೋಡಿ. ಕಚ್ಚಿದ ಜಾಗದಲ್ಲಿ ಕೆಂಪು ಉಂಗುರ ಮೂಡಿದರೆ ತಡಮಾಡದೆ ಡಾಕ್ಟರ ಹತ್ತಿರ ಹೋಗಿ.

ಕುದುರೆ ಎದುರಾದರೆ? ದೂರದಿಂದಲೇ ನಿಧಾನ ಮಾಡಿ, ಜೋರಾಗಿ ಹಲೋ ಅನ್ನಿ. ಮನುಷ್ಯರ ದನಿ ಕೇಳಿದರೆ ಕುದುರೆಗೆ ಗಾಬರಿ ಕಮ್ಮಿ. ಹಿಂದಿನಿಂದ ಸದ್ದಿಲ್ಲದೆ ಬಂದರೆ ಒದೆಯುತ್ತದೆ.

ಮುಂದಿನ ತಿಂಗಳ ಎರಡನೇ ಭಾನುವಾರ ನಾವು ಕ್ಯಾನಪ್ ಸುತ್ತು ಹೋಗುತ್ತಿದ್ದೇವೆ ಅಂತ ಹೇಳಿ ಕೂರಬೇಕು ಅನ್ನುವಷ್ಟರಲ್ಲಿ ಮುಂದಿನ ಸಾಲಿನ ಅಮ್ಮ ಕೈಯೆತ್ತಿದರು. "ನಂಗೆ ಸೈಕಲ್ ಬರಲ್ಲ. ಆ ತೂತಿನ ಕಲ್ಲು ನೋಡ್ಬೇಕು. ನಡ್ಕೊಂಡು ಬಂದ್ರೆ ಆಗುತ್ತಾ?"

"ಬನ್ನಿ ಅಮ್ಮ" ಅಂದೆ. "ಹಳದಿ ಬಾಣ, ನೀಲಿ ಬಾಣ, ಎಲ್ಲಾ ದಾರಿಯೂ ನಡೆಯುವವರಿಗೆ ತೆರೆದಿದೆ. ನೀವು ಎದುರು ಬಂದರೆ ಪಕ್ಕಕ್ಕೆ ಸರಿದು ನಿಲ್ಲಬೇಕಾದವರು ನಾವು."